ಕ್ಯಾಮೆರಾ ಬದಲಿಸುವ ಮೊದಲು ಕಿಟಕಿ ತೆರೆಯಿರಿ

ಲ್ಯಾಪ್‌ಟಾಪಿನ ಕ್ಯಾಮೆರಾ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ರಾತ್ರಿ ಒಂಬತ್ತು ಗಂಟೆಗೆ ಟ್ಯೂಬ್‌ಲೈಟಿನ ಕೆಳಗೆ ಕೂತು ತೀರ್ಮಾನಿಸಬೇಡಿ. ಶಿವಮೊಗ್ಗದ ನನ್ನ ಸರ್ವಿಸ್ ಅಂಗಡಿಯಲ್ಲಿ ನಾನು ಅತಿ ಹೆಚ್ಚು ಸಲ ಆಡಿರುವ ಮಾತು ಇದೇ ಇರಬೇಕು. ಆದರೂ ವಾರಕ್ಕೆ ಒಬ್ಬರಾದರೂ ಲ್ಯಾಪ್‌ಟಾಪನ್ನು ಟೇಬಲ್ಲಿನ ಮೇಲಿಟ್ಟು, "ಸಾರ್, ಕ್ಯಾಮೆರಾ ಹೋಗಿದೆ, ಹೊಸದು ಹಾಕ್ಕೊಡಿ" ಅನ್ನುತ್ತಾರೆ. ನಾನು ಲ್ಯಾಪ್‌ಟಾಪನ್ನು ಬಾಗಿಲ ಬಳಿ ಒಯ್ದು, ರಸ್ತೆಯ ಬೆಳಕು ಅವರ ಮುಖದ ಮೇಲೆ ಬೀಳುವಂತೆ ನಿಲ್ಲಿಸಿ, ಕ್ಯಾಮೆರಾ ಆನ್ ಮಾಡುತ್ತೇನೆ. ಪರದೆಯ ಮೇಲೆ ಸ್ವಚ್ಛವಾದ ಮುಖ ಮೂಡುತ್ತದೆ. ಆಗ ಬರುವ ಪ್ರಶ್ನೆಯೂ ಪ್ರತಿಸಲ ಒಂದೇ: "ಮನೇಲೂ ಬೆಳಕು ಚೆನ್ನಾಗೇ ಇದೆಯಲ್ಲ ಸಾರ್?"

ಇಲ್ಲ. ನಿಮ್ಮ ಮನೆಯಲ್ಲಿ ಬೆಳಕು ಚೆನ್ನಾಗಿಲ್ಲ. ಚೆನ್ನಾಗಿದೆ ಎಂದು ನಿಮ್ಮ ಕಣ್ಣು ನಿಮ್ಮನ್ನು ನಂಬಿಸಿದೆ, ಅಷ್ಟೆ.

ಈ ಒಂದು ವಿಷಯವನ್ನು ನಿಧಾನವಾಗಿಯೇ ಹೇಳಬೇಕು, ಏಕೆಂದರೆ ಮಿಕ್ಕ ಗೊಂದಲಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ. ಬೆಳಕನ್ನು ಅಳೆಯುವ ಮಾನ ಲಕ್ಸ್. ನಡುಮಧ್ಯಾಹ್ನದ ನೇರ ಬಿಸಿಲಿನಲ್ಲಿ ಅದು ಒಂದು ಲಕ್ಷದ ಹತ್ತಿರ ಹೋಗುತ್ತದೆ. ಅದೇ ಹೊತ್ತಿನಲ್ಲಿ ಮರದ ನೆರಳಿಗೆ ಬಂದರೆ ಹತ್ತು ಸಾವಿರದ ಆಸುಪಾಸು. ಒಳ್ಳೆಯ ಕಚೇರಿಯ ಮೇಜಿನ ಮೇಲೆ 300ರಿಂದ 500. ನಮ್ಮ ಸಾಮಾನ್ಯ ಮನೆಗಳ ನಡುಮನೆಯಲ್ಲಿ, ಗೋಡೆಯ ಮೇಲೊಂದು ಟ್ಯೂಬ್‌ಲೈಟ್ ಉರಿಯುತ್ತಿರುವಾಗ ಕುರ್ಚಿಯಲ್ಲಿ ಕೂತವರ ಮುಖದ ಮೇಲೆ ಬೀಳುವುದು ಸುಮಾರು 100. ಎಷ್ಟೋ ಮನೆಗಳಲ್ಲಿ ಅದರ ಅರ್ಧ. ಅಂದರೆ ಮರದ ನೆರಳಿಗೂ ನಡುಮನೆಗೂ ನೂರು ಪಟ್ಟು ಅಂತರ. ಆದರೆ ಅಂಗಳದಿಂದ ಒಳಗೆ ಬಂದಾಗ ನಿಮಗೆ ನೂರು ಪಟ್ಟು ಕತ್ತಲಾಯಿತು ಅನ್ನಿಸುವುದಿಲ್ಲ. ಕ್ಷಣಹೊತ್ತು ಮಬ್ಬೆನಿಸಿ, ಆಮೇಲೆ ಪೇಪರ್ ಓದುತ್ತೀರಿ. ಕಣ್ಣಿನ ಪಾಪೆ ಹಿಗ್ಗುತ್ತದೆ, ಅಕ್ಷಿಪಟಲ ಹೊಂದಿಕೊಳ್ಳುತ್ತದೆ, ಮಿದುಳು ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಲ್ಯಾಪ್‌ಟಾಪಿನ ಮುಚ್ಚಳದ ಅಂಚಿನಲ್ಲಿ ಕೂತಿರುವ ಕ್ಯಾಮೆರಾಗೆ ಈ ಸೌಲಭ್ಯ ಇಲ್ಲ. ಅದರ ಲೆನ್ಸಿನ ದ್ವಾರ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಒಳಗೆ ಬೆಳಕು ಹಿಡಿಯುವ ಸೆನ್ಸರ್ ಸಾಮಾನ್ಯವಾಗಿ ಮೂರು ನಾಲ್ಕು ಮಿಲಿಮೀಟರ್ ಅಗಲ, ಕೆಲವದರಲ್ಲಿ ಇನ್ನೂ ಕಿರಿದು. ಮುಚ್ಚಳ ತೆಳ್ಳಗಿರಬೇಕು ಎಂದು ಕೊಳ್ಳುವವರೆಲ್ಲ ಕೇಳುತ್ತಾರೆ. ತೆಳ್ಳಗಿನ ಮುಚ್ಚಳದಲ್ಲಿ ಅದಕ್ಕಿಂತ ದೊಡ್ಡದನ್ನು ಕೂರಿಸಲು ಜಾಗವಿಲ್ಲ.

ಮಲೆನಾಡಿನವರಿಗೆ ನಾನು ಇದನ್ನು ಸೂರಿನ ನೀರಿನ ಲೆಕ್ಕದಲ್ಲಿ ಹೇಳುತ್ತೇನೆ. ಜೋರು ಮಳೆಯಲ್ಲಿ ಸೂರಿನಡಿ ಲೋಟ ಇಟ್ಟರೂ ತುಂಬುತ್ತದೆ, ಹಂಡೆ ಇಟ್ಟರೂ ತುಂಬುತ್ತದೆ. ತುಂತುರು ಮಳೆಯಲ್ಲಿ ಹಂಡೆಗೆ ಒಂದಿಷ್ಟಾದರೂ ನೀರು ಸಿಗುತ್ತದೆ, ಲೋಟದ ತಳ ಒದ್ದೆಯಾಗುತ್ತದೆ ಅಷ್ಟೆ. ಫೋನಿನ ಹಿಂಬದಿ ಕ್ಯಾಮೆರಾ ಹಂಡೆಯ ಜಾತಿಯದು, ಲ್ಯಾಪ್‌ಟಾಪಿನದು ಲೋಟ. ಹಗಲಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಕಾಣದೆ ಇರಬಹುದು. ರಾತ್ರಿ ಕಂಡೇ ಕಾಣುತ್ತದೆ.

ಬೆಳಕು ಸಾಲದಾಗ ಕ್ಯಾಮೆರಾ ಸುಮ್ಮನೆ ಕೂರುವುದಿಲ್ಲ, ತನ್ನಿಂದಾದಷ್ಟು ಪ್ರಯತ್ನಿಸುತ್ತದೆ. ಮೊದಲು, ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಬೆಳಕು ಹಿಡಿಯಲು ನೋಡುತ್ತದೆ. ಸೆಕೆಂಡಿಗೆ 30 ಚಿತ್ರ ತೆಗೆಯಬೇಕಾದರೆ ಒಂದಕ್ಕೆ ಸಿಗುವ ಸಮಯ ಹೆಚ್ಚೆಂದರೆ 1/30 ಸೆಕೆಂಡ್. ಅದೂ ಸಾಲದಿದ್ದರೆ ಅನೇಕ ಕ್ಯಾಮೆರಾಗಳು ಚಿತ್ರಗಳ ಸಂಖ್ಯೆಯನ್ನೇ 15ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಸುತ್ತವೆ. ನೀವು ಕೈ ಆಡಿಸಿದರೆ ಬೆರಳುಗಳು ಕಲಸಿಹೋಗುವುದು, ಮಾತಿಗೂ ತುಟಿಗೂ ಹೊಂದಿಕೆ ತಪ್ಪಿದಂತೆ ಕಾಣುವುದು ಇದರಿಂದ. ಎರಡನೆಯದಾಗಿ, ಸಿಕ್ಕ ಅಲ್ಪ ಸಂಕೇತವನ್ನೇ ವಿದ್ಯುತ್ತಿನಿಂದ ಹಿಗ್ಗಿಸುತ್ತದೆ. ಸಂಕೇತದ ಜೊತೆ ಗದ್ದಲವೂ ಹಿಗ್ಗುತ್ತದೆ: ಗೋಡೆಯ ಮೇಲೆ ಬಣ್ಣಬಣ್ಣದ ರವೆ ಕುಣಿಯುತ್ತಿರುವಂತೆ ಕಾಣುತ್ತದಲ್ಲ, ಅದು. ಮೂರನೆಯದಾಗಿ, ಆ ರವೆಯನ್ನು ಅಳಿಸಲು ಒಳಗಿನ ಚಿಪ್ ಚಿತ್ರವನ್ನು ಸವರುತ್ತದೆ. ರವೆಯ ಜೊತೆ ಹುಬ್ಬಿನ ಕೂದಲು, ಸೀರೆಯ ಅಂಚು, ಕೆನ್ನೆಯ ಸುಕ್ಕು ಎಲ್ಲವೂ ಅಳಿಸಿಹೋಗಿ ಮುಖ ಮೇಣ ಬಳಿದಂತಾಗುತ್ತದೆ. ಇಷ್ಟಾದ ಮೇಲೆ ಮೀಟಿಂಗ್ ಆ್ಯಪ್ ಬಂದು ಉಳಿದದ್ದನ್ನು ಸಂಕುಚಿಸುತ್ತದೆ. ಕುಣಿಯುವ ರವೆಯನ್ನು ಸಂಕುಚಿಸುವುದು ಬಹಳ ಕಷ್ಟ, ಏಕೆಂದರೆ ಪ್ರತಿ ಚಿತ್ರದಲ್ಲೂ ಅದು ಹೊಸದು. ಇರುವ ಇಂಟರ್‌ನೆಟ್ ಸಾಮರ್ಥ್ಯವೆಲ್ಲ ರವೆಗೇ ಖರ್ಚಾಗಿ, ನಿಮ್ಮ ಮುಖಕ್ಕೆ ಚೌಕಚೌಕದ ತುಂಡುಗಳು ಉಳಿಯುತ್ತವೆ. ಜನ ಇದನ್ನು ನೋಡಿ "ನೆಟ್ ಸರಿ ಇಲ್ಲ" ಅನ್ನುತ್ತಾರೆ. ನೆಟ್ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ.

ಹಾಗಾಗಿ ಮೊದಲ ಪರೀಕ್ಷೆಗೆ ಯಾವ ಸಾಫ್ಟ್‌ವೇರೂ ಬೇಡ. ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಕಿಟಕಿಗೆ ಮುಖ ಮಾಡಿ ಕೂತು ಅರ್ಧ ನಿಮಿಷ ವಿಡಿಯೊ ರೆಕಾರ್ಡ್ ಮಾಡಿ. ಅದರಲ್ಲಿ ಒಮ್ಮೆ ಕೈ ಬೀಸಿ. ಸಂಜೆ ನೀವು ಮಾಮೂಲಾಗಿ ಕೂರುವ ಜಾಗದಲ್ಲಿ ಅದನ್ನೇ ಮತ್ತೆ ಮಾಡಿ. ಎರಡನ್ನೂ ಒಂದರ ಮೇಲೊಂದು ನೋಡಿ. ಬೆಳಗಿನದು ಚೆನ್ನಾಗಿದ್ದು ಸಂಜೆಯದು ಕೆಟ್ಟಿದ್ದರೆ ನಿಮ್ಮ ಕ್ಯಾಮೆರಾಗೆ ರೋಗವಿಲ್ಲ, ನನ್ನ ಅಂಗಡಿಗೆ ಬರುವ ಅಗತ್ಯವೂ ಇಲ್ಲ. ಎರಡೂ ಒಂದೇ ರೀತಿ ಕೆಟ್ಟಿದ್ದರೆ ಮಾತ್ರ ಮುಂದಿನ ಯೋಚನೆ.

ರೆಕಾರ್ಡ್ ಮಾಡಿ ಎಂದದ್ದನ್ನು ಗಮನಿಸಿ. ಕಾಲ್‌ನಲ್ಲಿರುವಾಗ ಮೂಲೆಯಲ್ಲಿ ಕಾಣುವ ನಿಮ್ಮದೇ ಪುಟ್ಟ ಚಿತ್ರವನ್ನು ನೋಡಿ ತೀರ್ಮಾನ ಮಾಡಬೇಡಿ. ಅದು ನೆಟ್‌ವರ್ಕ್ ದಾಟಿ ಹೋಗದ ಚಿತ್ರ, ಬಹುತೇಕ ಆ್ಯಪ್‌ಗಳಲ್ಲಿ ಎಡಬಲ ತಿರುಗಿಸಿದ ಕನ್ನಡಿಯ ಚಿತ್ರ, ಜೊತೆಗೆ ಚಿಕ್ಕದು. ಆ ಕಡೆಯವರಿಗೆ ಏನು ಕಾಣುತ್ತಿದೆ ಎಂದು ಗೊತ್ತಾಗಬೇಕಾದರೆ ಅವರಿಂದಲೇ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ವಾಟ್ಸ್ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಮತ್ತೆ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ. ನಿಮ್ಮ ಲ್ಯಾಪ್‌ಟಾಪಿನಲ್ಲೇ ಉಳಿದ ರೆಕಾರ್ಡಿಂಗ್ ಚೆನ್ನಾಗಿದ್ದು ಅವರ ಸ್ಕ್ರೀನ್‌ಶಾಟ್ ಕೆಟ್ಟಿದ್ದರೆ ಆಗ ನೆಟ್‌ವರ್ಕನ್ನು ಅಥವಾ ಆ್ಯಪಿನ ಸೆಟ್ಟಿಂಗನ್ನು ಅನುಮಾನಿಸಿ. ಗುಂಪಿನ ಮೀಟಿಂಗುಗಳಲ್ಲಿ ಆ್ಯಪ್ ತಾನಾಗಿಯೇ ಗುಣಮಟ್ಟ ಇಳಿಸುವುದು ಸಾಮಾನ್ಯ.

ಇನ್ನು ಮೆಗಾಪಿಕ್ಸೆಲ್. ಲ್ಯಾಪ್‌ಟಾಪುಗಳಲ್ಲಿ ಬಹುಕಾಲ ಇದ್ದದ್ದು 720ಪಿ ಕ್ಯಾಮೆರಾ: ಅಡ್ಡಕ್ಕೆ 1280, ಉದ್ದಕ್ಕೆ 720, ಒಟ್ಟು 9,21,600 ಚುಕ್ಕೆ. ಒಂದು ಮೆಗಾಪಿಕ್ಸೆಲ್, ಅಂದರೆ ಹತ್ತು ಲಕ್ಷ ಚುಕ್ಕೆ, ಕೂಡ ಅಲ್ಲ. ಈಚಿನವುಗಳಲ್ಲಿ 1080ಪಿ ಬರುತ್ತಿದೆ, ಸುಮಾರು ಎರಡು ಮೆಗಾಪಿಕ್ಸೆಲ್. "ನನ್ನ ಫೋನಲ್ಲಿ ಐವತ್ತಿದೆ, ಇದರಲ್ಲಿ ಒಂದೂ ಇಲ್ಲವಾ" ಎಂದು ಹುಡುಗರು ಸಿಟ್ಟಾಗುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಲ್ಯಾಪ್‌ಟಾಪಿಗೆ ಅಷ್ಟು ದುಡ್ಡು ಕೊಟ್ಟಿರುತ್ತಾರೆ. ಆದರೆ ಅಷ್ಟೇ ಜಾಗದಲ್ಲಿ ಹೆಚ್ಚು ಚುಕ್ಕೆ ತುರುಕಿದರೆ ಒಂದೊಂದು ಚುಕ್ಕೆಯೂ ಕಿರಿದಾಗುತ್ತದೆ, ಮಬ್ಬಿನಲ್ಲಿ ಒಂದೊಂದಕ್ಕೂ ಸಿಗುವ ಬೆಳಕು ಕಡಿಮೆಯಾಗುತ್ತದೆ. ಒಳ್ಳೆಯ 1080ಪಿ ಕ್ಯಾಮೆರಾ ಕಳಪೆ 720ಪಿಗಿಂತ ಉತ್ತಮವೇ, ಇಲ್ಲ ಅನ್ನುವುದಿಲ್ಲ. ಒಳ್ಳೆಯ ಬೆಳಕಿನ 720ಪಿ ಮಾತ್ರ ಕತ್ತಲ ಕೋಣೆಯ 1080ಪಿಗಿಂತ ಎಷ್ಟೋ ಮೇಲು. ಕಡಿಮೆ ಬೆಲೆಯ ಹೊರಗಿನ ವೆಬ್‌ಕ್ಯಾಮ್‌ಗಳ ಡಬ್ಬಿಯ ಮೇಲೆ ದೊಡ್ಡ ದೊಡ್ಡ ಅಂಕಿ ಇರುತ್ತದೆ. ಅದು ಸೆನ್ಸರಿನ ನಿಜವಾದ ಚುಕ್ಕೆಯೋ, ಸಾಫ್ಟ್‌ವೇರ್ ಹಿಗ್ಗಿಸಿದ್ದೋ ಎಂದು ಕೇಳಿಕೊಂಡೇ ತೆಗೆದುಕೊಳ್ಳಿ.

ಜಗತ್ತಿನ ಮೊದಲ ವೆಬ್‌ಕ್ಯಾಮ್ ಎನಿಸಿಕೊಂಡದ್ದು 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಕಾಫಿ ಪಾತ್ರೆಯೊಂದರ ಕಡೆ ತಿರುಗಿಸಿಟ್ಟ ಕ್ಯಾಮೆರಾ. ಅದು ಕೊಡುತ್ತಿದ್ದದ್ದು 128 × 128 ಚುಕ್ಕೆಗಳ ಕಪ್ಪುಬಿಳುಪು ಚಿತ್ರ. ಬೇರೆ ಬೇರೆ ಕೋಣೆಗಳಲ್ಲಿ ಕೂತ ಸಂಶೋಧಕರಿಗೆ ಬೇಕಾಗಿದ್ದದ್ದು ಪಾತ್ರೆಯಲ್ಲಿ ಕಾಫಿ ಇದೆಯೋ ಖಾಲಿಯೋ ಎಂಬ ಸುದ್ದಿ ಮಾತ್ರ. ಅಷ್ಟಕ್ಕೆ ಆ ಚಿತ್ರ ಸಾಕಾಗಿತ್ತು. 1993ರಲ್ಲಿ ಅದು ವೆಬ್‌ಗೆ ಬಂತು, 2001ರಲ್ಲಿ ನಿಂತಿತು. ಯಾವ ಕೆಲಸಕ್ಕೆ ಎಂದು ಕೇಳಿಕೊಳ್ಳದೆ ಕ್ಯಾಮೆರಾದ ಗುಣ ಅಳೆಯಲು ಹೋಗುವವರಿಗೆ ನಾನು ಈ ಕತೆ ಹೇಳುವುದುಂಟು.

ತೀರ್ಥಹಳ್ಳಿ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರಿಗೆ ಬೇಕಾಗಿದ್ದದ್ದು ಸಿಯಾಟಲ್‌ನಲ್ಲಿರುವ ಮೊಮ್ಮಗಳು ತಮ್ಮ ಮುಖವನ್ನು ಸರಿಯಾಗಿ ನೋಡಬೇಕು ಎಂಬುದು. "ಅಜ್ಜಿ, ನೀನು ಕಾಣೋದೇ ಇಲ್ಲ ಅಂತಾಳೆ ಕಣಪ್ಪ. ಎಷ್ಟಾದರೂ ಆಗಲಿ, ಒಳ್ಳೇ ಕ್ಯಾಮೆರಾ ಹಾಕಿಕೊಡು" ಎಂದು ಹಣ ಹಿಡಿದೇ ಬಂದಿದ್ದರು. ಅಂಗಡಿಯಲ್ಲಿ ನೋಡಿದರೆ ಕ್ಯಾಮೆರಾದಲ್ಲಿ ಏನೂ ತೊಂದರೆ ಇಲ್ಲ. ಲೆನ್ಸಿನ ಮೇಲೆ ಕೊಬ್ಬರಿ ಎಣ್ಣೆಯ ಬೆರಳಿನ ಗುರುತು ಇತ್ತು, ಕನ್ನಡಕ ಒರೆಸುವ ಬಟ್ಟೆಯಲ್ಲಿ ಒರೆಸಿದೆ. ಮುಂದೊಂದು ದಿನ ಆ ಕಡೆ ಹೋದಾಗ ಅವರ ಮನೆಗೂ ಹೋದೆ. ಹಳೆಯ ಹೆಂಚಿನ ಮನೆ, ಕಪ್ಪಗೆ ಹೊಳೆಯುವ ಮರದ ಕಂಬ, ಕೆಂಪು ಗಾರೆಯ ನೆಲ, ಸಣ್ಣ ಕಿಟಕಿಗಳು. ಅವರು ಕೂರುತ್ತಿದ್ದದ್ದು ನಡುಮನೆಯಲ್ಲಿ, ಗಾಜಿನ ಹೆಂಚಿನ ಸರಿ ಕೆಳಗೆ, ಅಲ್ಲಿ ಬೆಳಕಿದೆ ಎಂದು. ನೆತ್ತಿಯ ಮೇಲಿಂದ ಬೀಳುವ ಬೆಳಕು ಹಣೆಯನ್ನು ಬೆಳಗಿ ಕಣ್ಣುಗಳನ್ನು ಗುಳಿಯಲ್ಲಿ ಮುಚ್ಚಿಬಿಡುತ್ತದೆ. ಅದೂ ಹಗಲಿನ ಮಾತು. ಅವರು ಮಾತಾಡುತ್ತಿದ್ದದ್ದು ರಾತ್ರಿ ಊಟದ ಮೇಲೆ. ನಾನು ಜಗುಲಿಗೆ ಮೇಜು ಹಾಕಿಸಿದೆ, ಅವರ ಮುಖ ಅಂಗಳದ ಕಡೆ ಇರುವಂತೆ. ಹೊತ್ತನ್ನು ಬೆಳಿಗ್ಗೆ ಎಂಟಕ್ಕೆ ಬದಲಿಸಲು ಹೇಳಿದೆ. ನಮಗೆ ಬೆಳಿಗ್ಗೆ ಎಂಟು ಎಂದರೆ ಅಲ್ಲಿ ಬೇಸಿಗೆಯಲ್ಲಿ ಹಿಂದಿನ ಸಂಜೆ ಏಳೂವರೆ, ಚಳಿಗಾಲದಲ್ಲಿ ಆರೂವರೆ. ಮಗು ಎಚ್ಚರವಾಗಿಯೇ ಇರುತ್ತದೆ. ಅವರ ಮಗಳು ಆಮೇಲೆ ಫೋನ್ ಮಾಡಿ ಯಾವ ಕ್ಯಾಮೆರಾ ಹಾಕಿದಿರಿ ಎಂದು ಕೇಳಿದರು. ಹಳೆಯದೇ ಇತ್ತು.

ನಮ್ಮ ಮನೆಗಳ ಇನ್ನೊಂದು ವಿಶೇಷ ಟ್ಯೂಬ್‌ಲೈಟ್ ಚೌಕಟ್ಟಿನೊಳಗೆ ಬರುವುದು. ಲ್ಯಾಪ್‌ಟಾಪನ್ನು ಮಂಚದ ಮೇಲೋ ಟೀಪಾಯಿಯ ಮೇಲೋ ಇಟ್ಟು ಮುಚ್ಚಳ ಹಿಂದಕ್ಕೆ ವಾಲಿಸಿದರೆ ಕ್ಯಾಮೆರಾಗೆ ನಿಮ್ಮ ಗದ್ದ, ನಿಮ್ಮ ಹಿಂದಿನ ಗೋಡೆ, ಅದರ ತುದಿಯಲ್ಲಿ ಉರಿಯುವ ಟ್ಯೂಬ್ ಎಲ್ಲವೂ ಕಾಣುತ್ತವೆ. ಕ್ಯಾಮೆರಾ ಇಡೀ ಚಿತ್ರದ ಬೆಳಕಿನ ಸರಾಸರಿ ನೋಡಿಕೊಂಡು ಎಷ್ಟು ಹಿಡಿಯಬೇಕೆಂದು ನಿರ್ಧರಿಸುತ್ತದೆ. ಉರಿಯುವ ಟ್ಯೂಬ್ ಕಂಡಕೂಡಲೇ ಒಟ್ಟು ಚಿತ್ರವನ್ನು ಕಪ್ಪು ಮಾಡುತ್ತದೆ, ಜೊತೆಗೆ ನಿಮ್ಮ ಮುಖವನ್ನೂ. ಬೆನ್ನಿಗೆ ಕಿಟಕಿ ಇಟ್ಟುಕೊಂಡು ಕೂತರೂ ಇದೇ ಕತೆ. ಬಿಳೀ ಸುಣ್ಣದ ಗೋಡೆಯ ಮುಂದೆ ಕೂತ ಕಪ್ಪು ಮೈಬಣ್ಣದವರಿಗೆ ಇದರ ಪೆಟ್ಟು ಹೆಚ್ಚು. ಮುಖ ಗುರುತಿಸಿ ಅದಕ್ಕೆ ತಕ್ಕಂತೆ ಬೆಳಕು ಹೊಂದಿಸುವ ಕ್ಯಾಮೆರಾಗಳೂ ಇವೆ, ಎಲ್ಲದರಲ್ಲೂ ಅದು ಇರುತ್ತದೆ ಎನ್ನಲಾರೆ. ಇಂಟರ್‌ವ್ಯೂ ಕೊಡುವ ಮಕ್ಕಳು ನನ್ನ ಹತ್ತಿರ ಬಂದು "ನಾನು ಕಪ್ಪಗಿದ್ದೀನಿ, ಅದಕ್ಕೆ ಹೀಗೆ" ಎಂದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಿಮ್ಮ ಬಣ್ಣದಲ್ಲಿ ಏನೂ ಕೊರತೆ ಇಲ್ಲ. ಹಿಂದಿನ ಗೋಡೆಗೆ ಬೀಳುವ ಬೆಳಕನ್ನು ಕಡಿಮೆ ಮಾಡಿ, ಮುಖಕ್ಕೆ ಬೀಳುವುದನ್ನು ಹೆಚ್ಚಿಸಿ. ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಲೆನ್ಸ್ ಕಣ್ಣಿನ ಮಟ್ಟಕ್ಕೆ ಬರುವಂತೆ ಮಾಡಿದರೆ ಟ್ಯೂಬ್ ಚೌಕಟ್ಟಿನಿಂದ ಹೊರಗೆ ಹೋಗುತ್ತದೆ. ಓದುವ ದೀಪವೊಂದನ್ನು ಪರದೆಯ ಹಿಂದೆ, ಸ್ವಲ್ಪ ಮೇಲೆ, ಸ್ವಲ್ಪ ಪಕ್ಕಕ್ಕೆ ಇಡಿ. ಪುಟ್ಟ ಬಲ್ಬಿನ ದೂರವನ್ನು ಅರ್ಧ ಮಾಡಿದರೆ ಬೆಳಕು ನಾಲ್ಕು ಪಟ್ಟಾಗುತ್ತದೆ, ಹಾಗಾಗಿ ದೊಡ್ಡ ದೀಪ ಕೊಳ್ಳುವುದಕ್ಕಿಂತ ಇರುವುದನ್ನು ಹತ್ತಿರ ತರುವುದು ಲೇಸು. ಕನ್ನಡಕದಲ್ಲಿ ದೀಪ ಹೊಳೆದರೆ ಇನ್ನಷ್ಟು ಮೇಲಕ್ಕೆ ಎತ್ತಿ.

ಬೆಳಕು ಸರಿ ಮಾಡಿಕೊಂಡ ಮೇಲೆ ಕ್ಯಾಮೆರಾದ ಸ್ಪಷ್ಟತೆ ನೋಡಬೇಕೆಂದರೆ ದುಬಾರಿ ಟೆಸ್ಟ್ ಚಾರ್ಟ್ ಬೇಡ, ಕನ್ನಡ ದಿನಪತ್ರಿಕೆಯ ಮುಖಪುಟ ಸಾಕು. ಅದನ್ನು ಹಾಳೆ ಮಡಿಚದಂತೆ ರಟ್ಟಿಗೆ ಅಂಟಿಸಿ, ನೀವು ಕೂರುವಷ್ಟೇ ದೂರದಲ್ಲಿ, ಸುಮಾರು 60 ಸೆಂಟಿಮೀಟರಿನಲ್ಲಿ ನಿಲ್ಲಿಸಿ ಚಿತ್ರ ತೆಗೆಯಿರಿ. ನಮ್ಮ ಲಿಪಿ ಇದಕ್ಕೆ ಬಹಳ ಅನುಕೂಲ. ದ ಮತ್ತು ಧ, ಪ ಮತ್ತು ಷ, ಇವುಗಳ ನಡುವೆ ಇರುವುದು ಒಂದು ಸಣ್ಣ ಗೀಟು. ಆ ಗೀಟು ಕಾಣುತ್ತದೆಯೋ, ಒತ್ತಕ್ಷರ ಮೇಲಿನ ಅಕ್ಷರದಿಂದ ಬಿಡಿಸಿಕೊಂಡು ನಿಲ್ಲುತ್ತದೆಯೋ ನೋಡಿ. ನಡುವೆ ಸ್ಪಷ್ಟವಿದ್ದು ನಾಲ್ಕು ಮೂಲೆಗಳಲ್ಲಿ ತುಸು ಮಬ್ಬಾದರೆ ಪುಟ್ಟ ಲೆನ್ಸಿಗೆ ಅದು ಸಹಜ. ಒಂದೇ ಮೂಲೆ ಬಹಳ ಮಬ್ಬಾಗಿದ್ದರೆ ಲೆನ್ಸ್ ಓರೆಯಾಗಿ ಕೂತಿರಬಹುದು.

ಆದರೆ ಸುದ್ದಿಯ ಸಣ್ಣಕ್ಷರ ಓದಲಾಗಲಿಲ್ಲ ಎಂದು ಕ್ಯಾಮೆರಾವನ್ನು ದೂರಬೇಡಿ. ಆ ದೂರದಲ್ಲಿ ಚೌಕಟ್ಟಿನ ಅಗಲಕ್ಕೆ ಹೆಚ್ಚುಕಡಿಮೆ 75 ಸೆಂಟಿಮೀಟರ್ ಜಾಗ ಬರುತ್ತದೆ ಎಂದುಕೊಳ್ಳಿ. 1280 ಚುಕ್ಕೆಗಳನ್ನು ಅದರ ಮೇಲೆ ಹಂಚಿದರೆ ಸೆಂಟಿಮೀಟರಿಗೆ 17. ಮೂರು ಮಿಲಿಮೀಟರಿನ ಅಕ್ಷರಕ್ಕೆ ಐದೇ ಚುಕ್ಕೆ. ಐದು ಚುಕ್ಕೆಯಲ್ಲಿ ಕೊಂಬು, ದೀರ್ಘ, ಒತ್ತು ಎಲ್ಲವನ್ನೂ ಬರೆಯಲು ಯಾರಿಂದಲೂ ಆಗದು. 1080ಪಿ ಆದರೆ ಎಂಟು ಚುಕ್ಕೆ ಸಿಗುತ್ತದೆ, ಆಗಲೂ ಕಷ್ಟವೇ. ಶೀರ್ಷಿಕೆಗಳನ್ನು ನಂಬಿ.

ಇದೇ ಲೆಕ್ಕ ತಿಳಿಯದೆ ಜನ ಬ್ಯಾಂಕಿನ ವಿಡಿಯೊ ಕೆವೈಸಿಯಲ್ಲಿ, ಅಂದರೆ ವಿಡಿಯೊ ಕಾಲ್ ಮೂಲಕ ನಡೆಯುವ ಗುರುತಿನ ಪರಿಶೀಲನೆಯಲ್ಲಿ, ಪರದಾಡುತ್ತಾರೆ. ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಇದಕ್ಕೆ ಅನುಮತಿ ಕೊಟ್ಟಿತು. ಆ ಕಡೆಯ ಅಧಿಕಾರಿಗೆ ಪ್ಯಾನ್ ಕಾರ್ಡ್ ತೋರಿಸಬೇಕಾಗುತ್ತದೆ. ಕಾಣುತ್ತಿಲ್ಲ ಎಂದರೆ ಕಾರ್ಡನ್ನು ಲೆನ್ಸಿಗೆ ತಾಗುವಷ್ಟು ಹತ್ತಿರ ತರುತ್ತಾರೆ. ಬಹುತೇಕ ಲ್ಯಾಪ್‌ಟಾಪ್ ಕ್ಯಾಮೆರಾಗಳ ಫೋಕಸ್ ಸ್ಥಿರ, ಕೂತವರ ಮುಖದ ದೂರಕ್ಕೆ ಕೂಡಿಸಿಟ್ಟದ್ದು. ಹತ್ತಿರ ತಂದಷ್ಟೂ ಕಾರ್ಡ್ ದೊಡ್ಡದಾಗುತ್ತದೆ, ಜೊತೆಗೆ ಮಬ್ಬೂ ಆಗುತ್ತದೆ. ಮೊದಲೇ ಒಮ್ಮೆ ನಿಧಾನವಾಗಿ ಹಿಂದೆಮುಂದೆ ಸರಿಸಿ ಯಾವ ದೂರದಲ್ಲಿ ಅಕ್ಷರ ಅತಿ ಸ್ಪಷ್ಟ ಎಂದು ಕಂಡುಕೊಳ್ಳಿ. ಬ್ಯಾಂಕ್ ಒಪ್ಪುವುದಾದರೆ ಈ ಕೆಲಸವನ್ನು ಆಟೋಫೋಕಸ್ ಇರುವ ಫೋನಿನಲ್ಲೇ ಮಾಡಿ.

ಅಮೆರಿಕದಿಂದ ಮಗನೋ ಮಗಳೋ ತಂದುಕೊಟ್ಟ ಲ್ಯಾಪ್‌ಟಾಪಿನದು ಬೇರೆಯೇ ದೂರು: "ಚಿತ್ರದಲ್ಲಿ ಪಟ್ಟಿ ಓಡ್ತಾವೆ." ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಎಷ್ಟೋ ದೀಪಗಳು, ಅದರಲ್ಲೂ ಹಳೆಯ ಚೋಕ್ ಇರುವ ಟ್ಯೂಬುಗಳು ಮತ್ತು ಅಗ್ಗದ ಎಲ್ಇಡಿಗಳು, ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಅಲ್ಲಿನದು 60 ಹರ್ಟ್ಸ್, ಏರಿಳಿತ 120 ಸಲ. ಕ್ಯಾಮೆರಾ ಅಲ್ಲಿನ ಲೆಕ್ಕಕ್ಕೆ ಹೊಂದಿಕೊಂಡಿದ್ದರೆ ಇಲ್ಲಿನ ದೀಪದ ಕೆಳಗೆ ಕಪ್ಪುಬಿಳಿ ಪಟ್ಟಿಗಳು ಮೇಲೆಕೆಳಗೆ ಹರಿಯುತ್ತವೆ. ವಿಂಡೋಸ್‌ನ ಕ್ಯಾಮೆರಾ ಆ್ಯಪಿನ ಸೆಟ್ಟಿಂಗಿನಲ್ಲಿ ಫ್ಲಿಕರ್ ರಿಡಕ್ಷನ್ ಎಂಬುದು ಇದ್ದರೆ 50 ಹರ್ಟ್ಸ್ ಆರಿಸಿ. ಮಾಡೆಲ್‌ನಿಂದ ಮಾಡೆಲ್‌ಗೆ ಇದು ಇರುವ ಜಾಗ ಬೇರೆ, ಕೆಲವದರಲ್ಲಿ ಇರುವುದೇ ಇಲ್ಲ. ಹಗಲಿನ ಬೆಳಕಿನಲ್ಲಿ ಪಟ್ಟಿ ಮಾಯವಾದರೆ ತಪ್ಪು ಖಂಡಿತ ಕ್ಯಾಮೆರಾದ್ದಲ್ಲ.

ನಿಜವಾಗಿಯೂ ಹಾಳಾದ ಕ್ಯಾಮೆರಾ ಹೇಗಿರುತ್ತದೆ? ಹಗಲಿನಲ್ಲೂ ಇಡೀ ಚಿತ್ರ ಗುಲಾಬಿ ಅಥವಾ ಹಸಿರಿಗೆ ತಿರುಗಿರುತ್ತದೆ. ಒಂದೇ ಜಾಗದಲ್ಲಿ ಕದಲದ ಗೆರೆ ಅಥವಾ ಕಲೆ ಇರುತ್ತದೆ. ಮುಚ್ಚಳವನ್ನು ಒಂದು ಕೋನಕ್ಕೆ ತಂದಾಗ ಚಿತ್ರ ಹೋಗಿ, ಇನ್ನೊಂದಕ್ಕೆ ತಂದಾಗ ಬರುತ್ತದೆ. ಇದು ಹಿಂಜ್ ಬಳಿ ಕೇಬಲ್ ಸವೆದಿರುವ ಲಕ್ಷಣ. ಲ್ಯಾಪ್‌ಟಾಪಿನ ಬಿಡಿಭಾಗಗಳ ಪಟ್ಟಿ ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಕ್ಯಾಮೆರಾದ ಹೆಸರೇ ಕಾಣುವುದಿಲ್ಲ. ಮಳೆಗಾಲ ಕಳೆದ ಮೇಲೆ ಲೆನ್ಸಿನ ಒಳಗೆ ಮಂಜು ಕಟ್ಟಿದಂತಾಗಿ, ಒರೆಸಿದರೂ ಹೋಗದು. ನಮ್ಮ ಕಡೆ ಬೂಷ್ಟು ಹಿಡಿಯುವುದು ಅಪರೂಪವಲ್ಲ. ಪೂರ್ತಿ ಕಪ್ಪಾಗಿದ್ದರೆ ಮಾತ್ರ ಗಾಬರಿಯಾಗುವ ಮೊದಲು ಲೆನ್ಸಿನ ಮುಂದಿನ ಪುಟ್ಟ ಮುಚ್ಚಳ ಸರಿಸಿದೆಯೇ, ಕೀಬೋರ್ಡಿನಲ್ಲಿ ಕ್ಯಾಮೆರಾ ಆಫ್ ಮಾಡುವ ಕೀ ಒತ್ತಿಹೋಗಿದೆಯೇ ನೋಡಿ. ಖಾಸಗಿತನಕ್ಕೆಂದು ಅಂಟಿಸಿದ ಟೇಪ್ ಕಿತ್ತ ಮೇಲೆ ಉಳಿಯುವ ಗೋಂದು ಕೂಡ ಚಿತ್ರವನ್ನು ಹಾಲಿನಂತೆ ಬೆಳ್ಳಗೆ ಮಾಡುತ್ತದೆ.

ಈ ಲಕ್ಷಣಗಳಲ್ಲಿ ಒಂದು ಇದ್ದರೆ ಬನ್ನಿ, ಬದಲಿಸೋಣ. ಇಲ್ಲದಿದ್ದರೆ ನಾನು ಬದಲಿಸಲು ಒಪ್ಪುವುದಿಲ್ಲ. ಕ್ಯಾಮೆರಾ ತೆಗೆಯಬೇಕಾದರೆ ಪರದೆಯ ಸುತ್ತಲಿನ ಚೌಕಟ್ಟನ್ನು ಬಿಡಿಸಬೇಕು. ತೆಳ್ಳಗಿನ ಮಾಡೆಲ್‌ಗಳಲ್ಲಿ ಅದನ್ನು ಅಂಟಿಸಿರುತ್ತಾರೆ, ಬಿಡಿಸುವಾಗ ಪರದೆ ಬಿರುಕು ಬಿಡುವ ಅಪಾಯ ಎಷ್ಟು ಎಚ್ಚರವಾಗಿದ್ದರೂ ಇದ್ದೇ ಇರುತ್ತದೆ. ಅಷ್ಟೆಲ್ಲ ಮಾಡಿ ಒಳಗೆ ಕೂರಿಸುವುದು ಸಾಮಾನ್ಯವಾಗಿ ಅದೇ ಮಾಡೆಲ್‌ಗೆ ಹೊಂದುವ, ಅದೇ ದರ್ಜೆಯ ಬಿಡಿಭಾಗ. ಅದು ರಾತ್ರಿ ಒಂಬತ್ತಕ್ಕೆ ಕೊಡುವ ಚಿತ್ರ ಹಳೆಯದಕ್ಕಿಂತ ಬೇರೆಯಾಗಿರುವುದಿಲ್ಲ. ಬರುವಾಗ ಬೆಳಗಿನ ರೆಕಾರ್ಡಿಂಗ್, ಸಂಜೆಯ ರೆಕಾರ್ಡಿಂಗ್ ಎರಡನ್ನೂ ಲ್ಯಾಪ್‌ಟಾಪಿನಲ್ಲೇ ಉಳಿಸಿಕೊಂಡು ತನ್ನಿ. ಅವೆರಡನ್ನು ನೋಡಿದರೆ ಸ್ಕ್ರೂಡ್ರೈವರ್ ಮುಟ್ಟಬೇಕೋ ಬೇಡವೋ ಎಂದು ಐದು ನಿಮಿಷದಲ್ಲಿ ಹೇಳಬಲ್ಲೆ.